ಬೆರಳಿನ ಸುತ್ತ ಬೆಳಕು

ತಾಳಿ, ಎದ್ದು ಹೋಗ್ಬೇಡಿ, ಈ ಲೈಲ್‌ನ ವಿಷ್ಯ ಪೂರ್ತಿ ಕೇಳ್ಬಿಡಿ, ಆಮೇಲೆ ಬೇಕಾದ್ರೆ ನಗಿ — ಮೀನಿನ ತೊಟ್ಟಿ ಗುಳುಗುಳು ಅಂತಿದೆ, ಗಾಳಕ್ಕೆ ಸಿಕ್ಕಿಸೋ ಪುಟಾಣಿ ಮೀನುಗಳು ಒಂದರ ಮೇಲೊಂದು ಬಿದ್ದು ಗಿರಗಿರ ತಿರುಗ್ತಿವೆ, ಲೈಲ್ ಬಾಗಿಲ ಚೌಕಟ್ಟಿಗೆ ತಲೆ ಬಡಿಯದ ಹಾಗೆ ಬಗ್ಗಿ, ಗಾಳವೂ ಬಂದೂಕೂ ಮಾರೋ ವೆಂಡೆಲ್ ಅಂಗಡಿ ಒಳಗೆ ಬಂದಿದ್ದು ಒಂದು ಡಬ್ಬಿ ಎರೆಹುಳಕ್ಕೆ, ಬರೀ ಎರೆಹುಳಕ್ಕೆ, ಹೊರಗೆ ಅವನು ಓಡಿಸೋ ಹಾಲಿನ ಟ್ಯಾಂಕರ್ ನಿಂತಿದೆ, ಇನ್ನೂ ಮೂರು ಕಡೆ ಹಾಲು ತುಂಬ್ಕೋಬೇಕು, ಆದ್ರೆ ಗಾಜಿನ ಪೆಟ್ಟಿಗೆ ಒಳಗೆ ಅದು ಮಲಗಿದೆ, ಅಬ್ಬಾ ಏನ್ ಮಲಗಿದೆ, ಬೇರೆ ಪಿಸ್ತೂಲುಗಳೆಲ್ಲ ಅದರ ಪಕ್ಕ ಹಂದಿ ಮರಿಗಳ ಹಾಗೆ ಸಾಲಾಗಿ, ನಳಿಗೆ ಮೊಣಕೈಯಿಂದ ಬೆರಳ ತುದಿವರೆಗೆ ಉದ್ದ, ಹಿಡಿ ಕೊಡಲಿ ಕಾವಿನ ಬುಡದಷ್ಟು ದಪ್ಪ, ಏನದು ವೆಂಡೆಲ್, ಅಂತ ಬಾಯಿಂದ ಬಂದೇ ಬಿಡ್ತು, ಅಯ್ಯೋ ಅದಾ, ಅಂದ ವೆಂಡೆಲ್, ಮಿನೆಸೋಟದ ಯಾವನೋ ಕಮ್ಮಾರ ತಮಾಷೆಗೆ ಮಾಡಿದ್ದಂತೆ, ಜಾತ್ರೆಗಳಲ್ಲಿ ತೋರಿಸೋಕೆ, ಮೂರು ವರ್ಷದಿಂದ ಬಿದ್ದಿದೆ, ಮೈ ನೋಡಿದ್ರೆ ಕರಡಿ ಹೊಡೆಯೋ ಹಾಗಿದೆ, ತಿನ್ನೋದು ಮಾತ್ರ ಪಾಯಿಂಟ್ ಇಪ್ಪತ್ತೆರಡರ ಗುಂಡು, ಎಲ್ಲಕ್ಕಿಂತ ಸಣ್ಣದು, ಬಟಾಣಿ ಕಾಳಿನಷ್ಟು — ಇಪ್ಪತ್ತೆರಡರದ್ದಾ? — ಹೂಂ, ಇಪ್ಪತ್ತೆರಡರದ್ದೇ. ಮೇವಿನ ಗಿರಣಿ ಡ್ವೇನ್ ತೊಟ್ಟಿ ಪಕ್ಕ ನಿಂತು ಜರಡಿ ಸೌಟಲ್ಲಿ ಮೀನು ಹಿಡೀತಾ ಇದ್ದವನು ತಿರುಗಿ, ಲೈಲಣ್ಣ ಅದನ್ನ ಹಿಡ್ಕೊಂಡು ನಿಂತ್ರೆ ನಾನು ಟಿಕೆಟ್ ಮಾರ್ತೀನಿ, ಅಂದ, ವೆಂಡೆಲ್ ನಕ್ಕ, ಲೈಲೂ ನಕ್ಕ, ಮೊದ್ಲು ತಾನೇ ನಕ್ಕುಬಿಟ್ರೆ ನೋವು ಕಮ್ಮಿ ಅಂತ ಏಳನೇ ಕ್ಲಾಸಲ್ಲೇ ಕಲಿತದ್ದು, ಆದ್ರೆ ಕಣ್ಣು ಮಾತ್ರ ಗಾಜಿಂದ ಈಚೆಗೆ ಬರ್ತಿಲ್ಲ, ಗುಂಡು ಹಾರಿಸೋಕೆ ಒತ್ತೋ ಕುದುರೆ ಸುತ್ತ ಇರೋ ಆ ಉಂಗುರ, ಬೆರಳು ತೂರಿಸೋ ಜಾಗ, ಅಷ್ಟಗಲ, ಅಷ್ಟಗಲ ಇಪ್ಪತ್ತೆರಡರದ್ದು ಯಾರಾದ್ರೂ ಮಾಡ್ತಾರಾ.

ಬೆಣ್ಣೆ ವಾಸನೆ ಬಂತು, ಎಲ್ಲಿಂದ, ಇಲ್ಲಿ ಬರೀ ಎಣ್ಣೆ ಮತ್ತೆ ಹುಳದ ಮಣ್ಣು, ಆದ್ರೂ ಬಂತು, ಆವತ್ತು ಲೈಲ್‌ಗೆ ಹದಿನೈದು, ಆಗ್ಲೇ ಆರಡಿ ನಾಲ್ಕಿಂಚು, ಊರ ಕ್ಲಬ್ಬಿನ ಜೋಡಿ ಪಂದ್ಯ, ಹೆಚ್ಚಾಗಿ ಒಂದೊಂದು ಮನೆಯಿಂದ ಇಬ್ಬಿಬ್ರು, ಇಪ್ಪತ್ತೆರಡರ ಪಿಸ್ತೂಲು ಮಾತ್ರ, ದೊಡ್ಡ ಗುಂಡು ತಾಗಿದ್ರೆ ಗುರಿಗೆ ನಿಲ್ಲಿಸೋ ತೆಳು ಉಕ್ಕಿನ ಟಗರಿನ ಗೊಂಬೆ ತೂತು ಬೀಳುತ್ತೆ ಅಂತ, ನೂರು ಗಜ ದೂರದಲ್ಲಿ ಅಂಗೈಯಗಲದ ಬಿಳಿ ಟಗರು, ಅಮ್ಮನ ಪಿಸ್ತೂಲನ್ನ ಅಪ್ಪ ಕೈಗೆ ಕೊಟ್ಟು ಒಂದು ಸಲ ಹೊಡಿ ಮಗಾ ಅಂದ್ರು, ಅವನು ಬೆರಳು ತೂರಿಸಿದ, ಸಿಕ್ಕಿಹಾಕ್ಕೊಂಡ್ತು, ಹಿಂದೂ ಇಲ್ಲ ಮುಂದೂ ಇಲ್ಲ, ಅಪ್ಪ ಗುಂಡೆಲ್ಲ ತೆಗೆದ್ರು, ಬೆರಳು ನೀಲಿ ಆಯ್ತು, ಊರಿಗೆ ಊರೇ ಸುತ್ತ, ಕೊನೆಗೆ ಯಾರೋ ಬ್ರೆಡ್ಡಿಗೆ ಹಚ್ಚೋ ಬೆಣ್ಣೆ ತಂದು ಸವರಿ ಸವರಿ, ಹಸು ಕರು ಹಾಕಿದ ಹಾಗೆ ಬೆರಳು ಈಚೆ ಬಂದಾಗ ಚಪ್ಪಾಳೆ, ಎಲ್ಲಾ ನಕ್ರು, ಅಮ್ಮಾನೂ ನಕ್ಳು, ಐದಡಿ ಎತ್ತರದ ಅಮ್ಮ, ಅರ್ಡಿಸ್, ಹೊಟ್ಟೆ ಹಿಡ್ಕೊಂಡು ನಕ್ಳು, ಅದೊಂದೇ ಮರೆಯೋಕಾಗಲ್ಲ, ಆವತ್ತಿಂದ ಅವನು ಪಿಸ್ತೂಲು ಮುಟ್ಟಿಲ್ಲ, ಬಿದ್ದ ಟಗರು ಎಣಿಸ್ತಾನೆ, ಪ್ರತಿ ವಸಂತಕ್ಕೆ ಅವುಗಳಿಗೆ ಬಿಳಿ ಬಣ್ಣ ಹೊಡೀತಾನೆ, ಇಪ್ಪತ್ತೆಂಟು ವರ್ಷ, ಮೊನ್ನೆನೂ ಹೊಡೆದ, ಇನ್ನೂ ಉಗುರಿನ ಸಂದೀಲಿ ಇದೆ ನೋಡಿ. ಅಪ್ಪ ತೀರ್ಕೊಂಡು ಆರು ವರ್ಷ, ಕ್ಲಬ್ಬಿನ ಹಲಗೆ ಮೇಲೆ ಅರ್ಡಿಸ್ ಓಸ್ಟ್‌ಬಿ ಅಂತ ಬರೆದು ಪಕ್ಕ ಜೋಡಿಯ ಹೆಸರಿಗೆ ಒಂದು ಗೆರೆ, ಖಾಲಿ ಗೆರೆ, ಒಬ್ಬಳೇ ಹೊಡೀತಾಳೆ, ಲೆಕ್ಕಕ್ಕಿಲ್ಲದ ಆಟ, ಯಾಕಮ್ಮ ಪಕ್ಕದ ಮನೆಯವರನ್ನ ಸೇರಿಸ್ಕೊ ಅಂದ್ರೆ, ನಮ್ಮ ಮನೇಲೇ ಇನ್ನೊಬ್ಬ ಇಲ್ವೇನೋ, ಅಂತಾಳೆ, ಅಷ್ಟೇ ಅಂತಾಳೆ, ಆಮೇಲೆ ಕಾಫಿ ಬಗ್ಗಿಸ್ತಾಳೆ, ನೀನು ಬಾ ಅಂತ ಕೇಳಲ್ಲ, ಆ ಕಡೆ ಜನ ಯಾವತ್ತೂ ನೇರವಾಗಿ ಕೇಳಲ್ಲ, ಈ ಶನಿವಾರ ಪಂದ್ಯ, ಹಲಗೆ ಮೇಲೆ ಮತ್ತೆ ಆ ಗೆರೆ.

ತೆಗೆದು ತೋರಿಸ್ಲಾ, ಅಂದ ವೆಂಡೆಲ್, ಗಾಜು ಸರಿಸಿ ಎರಡು ಕೈಯಲ್ಲಿ ಎತ್ತಿದ, ಗುಂಡಿನ ಉರುಳೆ ಈಚೆ ತಳ್ಳಿ ಹತ್ತು ತೂತೂ ಖಾಲಿ ಅಂತ ತೋರಿಸಿ ಹಿಡಿ ಮುಂದೆ ಮಾಡಿ ಕೊಟ್ಟ, ಮತ್ತೆ, ತಾಳು ತಾಳು ಖಾಲಿ ಒತ್ತಬೇಡ ಮಾರಾಯ, ಇಪ್ಪತ್ತೆರಡರದ್ದು, ಗುಂಡಿಗೆ ಬಡಿಯೋ ಒಳಗಿನ ಸೂಜಿ ಹಾಳಾಗುತ್ತೆ, ಅಂತ ಗೋಡೆಗೆ ಮೊಳೆ ಹಾಕೋಕೆ ಮೊದ್ಲು ತೂರಿಸ್ತಾರಲ್ಲ ಆ ಹಳದಿ ಪ್ಲಾಸ್ಟಿಕ್ ಬಿರಡೆಗಳು, ಅವನ್ನ ಒಂದೊಂದು ತೂತಿಗೂ ಹಾಕಿದ, ಈಗ ಒತ್ತು, ಎಷ್ಟು ಬೇಕಾದ್ರೂ. ಲೈಲ್ ಹಿಡಿದ. ಏನಾಯ್ತು ಅಂದ್ರೆ, ಏನೂ ಆಗ್ಲಿಲ್ಲ, ಅದೇ ಆಗಿದ್ದು, ಅಂಗೈಗೆ ಹಿಡಿ ಬಂದು ಕೂತ್ಕೊಂಡ್ತು, ಕಿರುಬೆರಳಿಗೂ ಜಾಗ ಇತ್ತು, ಯಾವತ್ತೂ ಗಾಳೀಲಿ ನೇತಾಡೋ ಕಿರುಬೆರಳಿಗೆ, ಬಸ್ಸಿನ ಸೀಟು, ದಂತವೈದ್ಯರ ಕುರ್ಚಿ, ಚರ್ಚಿನ ಬೆಂಚು, ತರಿಸಿದ ಗ್ಲೌಸು, ಎಲ್ಲದರಲ್ಲೂ ಅವನು ಮಡಿಚ್ಕೊಂಡು ಮಡಿಚ್ಕೊಂಡು ತೂರ್ಕೊಂಡವನು, ಜಾತ್ರೇಲಿ ಯಾರೋ ಹೆಂಗಸ್ರು, ಅಣ್ಣಾ ಒಂದು ಫೋಟೋ, ಮಗೂನ ಭುಜದ ಮೇಲೆ ಕೂರಿಸ್ಕೊಳ್ಳಿ, ಈಗ ತೋರುಬೆರಳು ಮೆಲ್ಲಗೆ ಉಂಗುರದೊಳಗೆ ಹೋಯ್ತು, ಹೋಗಿ ನಿಂತ್ಕೊಂಡ್ತು, ಮತ್ತೆ ಅದರ ಸುತ್ತ — ಕಿಟಕಿ ಕಡೆ ತಿರುಗಿಸಿ ನೋಡಿದ — ಸುತ್ತಲೂ ಒಂದೆಳೆ ಬೆಳಕು. ಜಾಗ ಮಿಕ್ಕಿದೆ. ಗೋಡೆ ಮೇಲೆ ಅಲಂಕಾರಕ್ಕೆ ತೂಗುಹಾಕಿದ ಹತ್ತಿ ತುಂಬಿದ ಮೀನಿನ ಕಣ್ಣಿಗೆ ಗುರಿ ಇಟ್ಟ, ಒತ್ತಿದ, ಟಿಕ್, ಮೀನಿನ ಕಣ್ಣು ಕದಲಲಿಲ್ಲ, ಕೈ ಕದಲಲಿಲ್ಲ, ಟಿಕ್, ಟಿಕ್, ಆ ಭಾರಕ್ಕೆ ನಳಿಗೆ ಹೊಲದಲ್ಲಿ ನಿಂತ ಎತ್ತಿನ ಹಾಗೆ ನಿಂತಿತ್ತು.

ಕೊಡಿಲ್ಲಿ ಲೈಲಣ್ಣ ನಾನೂ ನೋಡ್ತೀನಿ, ಅಂತ ಡ್ವೇನ್ ಬಂದ, ಕ್ಲಬ್ಬಿಗೇ ಒಳ್ಳೆ ಗುರಿಗಾರ ಅವನು, ಮೂರು ಕಪ್ ಗೆದ್ದವನು, ಒದ್ದೆ ಕೈ ಪ್ಯಾಂಟಿಗೆ ಒರೆಸಿ ತಗೊಂಡ, ತಗೊಂಡ ತಕ್ಷಣ ನಳಿಗೆ ನೆಲ ನೋಡ್ತು, ಎರಡನೇ ಕೈ ಹಾಕ್ದ, ಹಿಡಿ ಸುತ್ತ ಬೆರಳು ಸೇರ್ತಾ ಇಲ್ಲ, ತೋರುಬೆರಳು ಚಾಚಿ ಚಾಚಿ ಕುದುರೆ ತುದಿಗೂ ತಾಗ್ತಾ ಇಲ್ಲ, ಥೂ ಇದೆಂಥದ್ದೋ ಇದು, ಮನುಷ್ಯರಿಗೆ ಮಾಡಿದ್ದಲ್ಲ, ಅಂದ, ಅಂದು ಲೈಲ್ ಮುಖ ನೋಡ್ದ, ಮತ್ತೆ ತನ್ನ ಬೆರಳು ನೋಡ್ಕೊಂಡ, ನಲವತ್ತಮೂರು ವರ್ಷದಲ್ಲಿ ಮೊದಲ ಸಲ ಒಂದು ವಸ್ತು ಬೇರೆಯವನಿಗೆ ಹೊಂದ್ತಾ ಇಲ್ಲ, ಲೈಲ್‌ಗೆ ಹೊಂದ್ತು, ನಗ್ಬೇಕು ಅನ್ನಿಸ್ತು, ನಗ್ಲಿಲ್ಲ, ಪಾಪ ಡ್ವೇನ್, ಬೆಣ್ಣೆ ಬೇಕೇನೋ, ಅಂದುಬಿಟ್ಟ, ಅಷ್ಟಕ್ಕೆ ವೆಂಡೆಲ್ ಗಲ್ಲಾಪೆಟ್ಟಿಗೆ ಮೇಲೆ ಬಿದ್ದು ಬಿದ್ದು ನಕ್ಕ, ಡ್ವೇನ್ ಕೆಂಪಾಗಿ ಅದನ್ನ ಲೈಲ್ ಕೈಗೆ ವಾಪಸ್ ಕೊಟ್ಟು, ನಗಿ ನಗಿ, ಶನಿವಾರ ಇದನ್ನ ಹಿಡ್ಕೊಂಡು ನೀವು ನಿಂತ್ರೆ ಪೇಪರಿನವರು ಬರ್ತಾರೆ, ರಾಕ್ಷಸನೂ ರಾಕ್ಷಸನ ಪಿಸ್ತೂಲೂ ಅಂತ ಹಾಕ್ತಾರೆ, ಅಂದ — ಚುಚ್ಚಿತು, ಹೌದು, ಹಾಕ್ತಾರೆ, ಫೋಟೋ ಹಾಕ್ತಾರೆ, ತಮಾಷೆ ಮನುಷ್ಯನ ಕೈಲಿ ತಮಾಷೆ ವಸ್ತು, ಜೀವಮಾನ ಪೂರ್ತಿ ಸಣ್ಣಗೆ ಕಾಣೋಕೆ ಬೆನ್ನು ಬಗ್ಗಿಸಿದವನು ಈಗ ದುಡ್ಡು ಕೊಟ್ಟು ಜೋಕು ಕೊಳ್ಳೋದಾ, ವಾಪಸ್ ಇಟ್ಟುಬಿಡು, ಎರೆಹುಳ ತಗೊ, ಟ್ಯಾಂಕರ್ ಹತ್ತು, ಹಾಲು ಕಾಯಲ್ಲ.

ಕೈ ವಾಪಸ್ ಇಡಲಿಲ್ಲ, ಇನ್ನೊಂದು ಕೈ ಫೋನ್ ತೆಗೀತು, ಅಮ್ಮ, ನನ್ನ ಬೆರಳು ಹಿಡಿಸೋ ಪಿಸ್ತೂಲು ಸಿಕ್ತು, ಶನಿವಾರಕ್ಕೆ ಹಲಗೆ ಮೇಲೆ ಆ ಗೆರೆಯಲ್ಲಿ ನನ್ನ ಹೆಸರು ಹಾಕಿಸು, ಅಂದ, ಆ ಕಡೆ ಗೋಡೆ ಗಡಿಯಾರ ಕೇಳಿಸ್ತು, ಸ್ಟವ್ ಆರಿಸಿದ್ದು ಕೇಳಿಸ್ತು, ಆಮೇಲೆ, ಹಾಗಾದ್ರೆ ಬೆಣ್ಣೆ ತರೋದು ಬೇಡ್ವೇನೋ, ಅಂದ್ಳು ಅಮ್ಮ, ಅಂದು ಮೂಗು ಸೊರ್ ಅಂತ ಎಳ್ಕೊಂಡ್ಳು, ಆವತ್ತು ಯಾಕೆ ನಕ್ಕೆನೋ ನಾನು ಅಂತ ಇವತ್ತಿಗೂ, ಅಂತ ಶುರು ಮಾಡಿ ನಿಲ್ಲಿಸಿಬಿಟ್ಳು, ಬ್ರೆಡ್ಡಿಗೆ ಬೇಕಲ್ಲಮ್ಮ, ತಾ ಬೆಣ್ಣೆ, ಅಂದ ಇವನು. ವೆಂಡೆಲ್ ಪಿಸ್ತೂಲು ಕೊಳ್ಳೋಕೆ ತುಂಬೋ ಸರ್ಕಾರದ ಅರ್ಜಿ ಮುಂದೆ ತಳ್ಳಿದ, ಹೆಸರು, ಊರು, ಹುಟ್ಟಿದ ದಿನ, ಸುಳ್ಳು ಬರೆದ್ರೆ ಜೈಲು ಕಣಯ್ಯ, ಅಂತ ಎಲ್ರಿಗೂ ಹೇಳೋ ಮಾತು ಹೇಳ್ದ, ಎತ್ತರ ಅಂತ ಎರಡು ಪುಟ್ಟ ಚೌಕ, ಅಡಿ ಒಂದು, ಇಂಚು ಒಂದು, ಡ್ರೈವಿಂಗ್ ಲೈಸೆನ್ಸಿಂದ ಹಿಡಿದು ಎಲ್ಲಾ ಕಡೆ ಅವನು ಆರಡಿ ಆರಿಂಚು ಅಂತಲೇ ಬರೆದಿದ್ದು, ಮೂರಿಂಚು ಯಾವಾಗ್ಲೂ ಮನೇಲಿ ಬಿಟ್ಟು ಬರ್ತಾನೆ, ಆರು ಅಂತ ಬರೆದ, ಪೆನ್ನು ಎರಡನೇ ಚೌಕದ ಮೇಲೆ ನಿಲ್ತು, ಡ್ವೇನ್ ನೋಡ್ತಿದ್ದಾನೆ, ಬೆನ್ನು ತಾನಾಗೇ ನೆಟ್ಟಗಾಯ್ತು, ತಲೆ ಮೇಲಿನ ದೀಪಕ್ಕೆ ತಾಗಿ ದೀಪ ತೂಗಾಡ್ತು, ಒಂಬತ್ತು, ಬರೆದ, ದೊಡ್ಡದಾಗಿ, ಚೌಕದಿಂದ ಈಚೆ ಬರೋ ಹಾಗೆ, ಒಂಬತ್ತು — ಎಡಗೈ ಇನ್ನೂ ಹಿಡಿದುಕೊಂಡಿದೆ, ದೀಪ ಈ ಕಡೆ, ಆ ಕಡೆ, ಉಂಗುರದೊಳಗೆ ಬೆರಳು, ಬೆರಳಿನ ಸುತ್ತ ಒಂದೆಳೆ ಬೆಳಕು, ಸುತ್ತಲೂ, ಎಲ್ಲೂ ತಾಗದ ಹಾಗೆ, ಒಂದೆಳೆ ಬೆಳಕು — ನೀವಾಗಿದ್ರೆ ಏನ್ ಮಾಡ್ತಿದ್ರಿ?