ತವರಿನ ಮಾಳಿಗೆ ಮೇಲೆ ಹಾರಿದವಳು

ಟ್ಯಾಕ್ಸಿಯ ಬಾಗಿಲು ಹಾಕುವುದನ್ನೂ ಮರೆತು ದಾಕ್ಷಾಯಿಣಿ ಅಂಗಳಕ್ಕೆ ಓಡಿದಳು. ಬೈರಿದೇವರಕೊಪ್ಪದ ಮನೆಯಲ್ಲಿ ಭಜನೆ ನಡೆದಿತ್ತು. ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದ ಅವ್ವ ಈರವ್ವ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಸತ್ತ ಮೇಲೂ ಇನ್ನೇನು ಯಾರನ್ನೋ ಬೈಯುವವಳಂತೆ ಕಂಡಳು. ಮಗಳು ಅವಳ ಕೊರಳಿಗೆ ಬಿದ್ದು ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅಣ್ಣ ಗುರುಪಾದನನ್ನು ಕೇಳಿದಳು:

“ಮಾಮಾ ಬಂದಾನೇನಣ್ಣಾ?”

“ಎಲ್ಲಿ ಬಂದಾನವ್ವಾ!” ಎಂದಳು ಪಕ್ಕದ ಮನೆಯ ಬಿಬಿಜಾನ. “ದಿಲ್ಲಿಯಾಕಿ ಬಂದು ಅತ್ತು ಮುಗಿಸಿದಿ. ನಾಕು ಹರದಾರಿ ದೂರದ ಸುಳ್ಳ ಊರಾಂವ ಇನ್ನೂ ಪತ್ತೆ ಇಲ್ಲ!”

ಅಳುತ್ತಿದ್ದವರೂ ನಕ್ಕರು. ಗುರುಪಾದ ನಗಲಿಲ್ಲ. ತವರಿನ ಸೀರೆ ಹೊದಿಸದೆ ಅವ್ವನನ್ನು ಎತ್ತುವಂತಿಲ್ಲ. ಅದನ್ನು ತರಬೇಕಾದವನು ಅವಳ ತಮ್ಮ, ಸುಳ್ಳ ಹಳ್ಳಿಯ ಶಂಭುಲಿಂಗ ಮಾಮಾ. ಅವನೋ ವರ್ಷದಿಂದ ಈ ಹೊಸ್ತಿಲು ತುಳಿದಿರಲಿಲ್ಲ. ಹೊತ್ತು ಇಳಿಯುತ್ತಿತ್ತು.

“ಎಲ್ಲಾ ನಿನ್ನಿಂದ,” ಎಂದ ಗುರುಪಾದ. “ಅವ್ವನ್ನ ವಿಮಾನ ಹತ್ತಿಸಿದಾಕಿ ನೀನ ಅಲ್ಲೇನು?”

*

ಹೋದ ವರ್ಷ ಮಗಳ ಜೊತೆ ದಿಲ್ಲಿಗೆ ಹೊರಟಾಗ, ವಿಮಾನ ಮೇಲೇರಿದ್ದೇ ಈರವ್ವ ಕಿಟಕಿಗೆ ಮೂಗು ಒತ್ತಿದ್ದಳು. “ಅಗಾ ನೋಡು, ಸುಳ್ಳ! ಶಂಭ್ಯಾನ ಮಾಳಿಗಿ!” ದಾಕ್ಷಾಯಿಣಿಗೆ ಕಂಡದ್ದು ಬರೀ ಎರೆಹೊಲ.

ದಿಲ್ಲಿಯಲ್ಲಿ ಇಳಿದ ಕೂಡಲೇ ತಮ್ಮನಿಗೆ ಫೋನು.

“ಶಂಭ್ಯಾ, ಮುಟ್ಟಿದ್ನೋ! ಒಂದೂವರಿ ಸಾವಿರ ಕಿಲೋಮೀಟರ ಅಂತ, ಎರಡೂವರಿ ತಾಸಿನಾಗ! ನಿಮ್ಮೂರ ಬಸ್ಸಿಗೆ ಕಾಯೂದ ಇದಕ್ಕಿಂತ ಹೆಚ್ಚು. ನಿನ್ನ ಮಾಳಿಗಿ ಮ್ಯಾಲ ಹಾದು ಬಂದ್ನಿ.”

ಆ ಕಡೆಯಿಂದ ಶಂಭುಲಿಂಗ ಸಿಡಿದ.

“ಮಾಳಿಗಿ ಮ್ಯಾಲ ಹಾದು ಹ್ವಾದಿ? ಒಂದು ಕಪ್ ಚಹಾ ಕುಡೀದ? ತವರಮನಿ ದಾಟಿ ಹೋಗೂವಷ್ಟು ದೊಡ್ಡಾಕಿ ಆದಿ?”

“ಏ ಖೋಡಿ, ಅದು ಎಲ್ಲೆಂದರಲ್ಲಿ ನಿಂದರೂದಿಲ್ಲೋ!”

“ಕೈ ಮಾಡಿದ್ರ ಸುಳ್ಳದ ಬಸ್ ನಿಂದರತೈತಿ. ಅದಕ್ಕೇನು ಧಾಡಿ?”

ಅವನು ಫೋನು ಇಟ್ಟವನು ಮತ್ತೆ ಎತ್ತಲಿಲ್ಲ. ಈರವ್ವನೂ ಬಗ್ಗುವವಳಲ್ಲ. “ಅಷ್ಟ ಇದ್ರ ಚಹಾ ಇಲ್ಲಿಗೇ ತರಲಿ,” ಎನ್ನುತ್ತ, ಹೋದಬಂದವರ ಮುಂದೆಲ್ಲ ಅದನ್ನೇ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

*

ತಾಳದ ಸದ್ದಿನ ನಡುವೆ ಟ್ರ್ಯಾಕ್ಟರಿನ ಗುಡುಗುಡು ಕೇಳಿತು. ಎತ್ತಿನ ಬಂಡಿಗಿಂತ ನಿಧಾನವಾಗಿ ಅದು ಓಣಿಗೆ ಹೊರಳಿತು. ಹಿಂದಿನ ಟ್ರೇಲರಿನಲ್ಲಿ ಶಂಭುಲಿಂಗ, ಹೆಗಲ ಮೇಲೆ ಇಳಕಲ್ ಸೀರೆ ಹಾಕಿಕೊಂಡು, ಒಂದು ದೊಡ್ಡ ಕಿಟ್ಲಿಯನ್ನು ಕೂಸಿನಂತೆ ಅಪ್ಪಿ ಕೂತಿದ್ದ.

“ಸುಳ್ಳ ದಿಲ್ಲಿಗಿಂತ ದೂರ ಆತೇನ್ರೀ?” ಎಂದಳು ಬಿಬಿಜಾನ.

“ಜೋರ ಓಡಿಸಿದ್ರ ಚಹಾ ಚೆಲ್ಲತೈತಿ. ಬಾಯಿ ಮುಚ್ಚಬೇ!”

ದಾಕ್ಷಾಯಿಣಿಯ ಎದೆ ಹಗುರಾಯಿತು. ಅವನು ಅಕ್ಕನಿಗೆ ಸೀರೆ ಹೊದಿಸಿ, ಒಂದು ಕಪ್ ಚಹಾ ತುಂಬಿಸಿ ಅವಳ ಮುಂದಿಟ್ಟ. ಕಣ್ಣೀರು ಮೀಸೆಗೆ ಇಳಿಯಿತು. “ತಗೋ. ನಾ ಸೋತ್ನಿ,” ಎಂದ, ಬೈಯುವ ದನಿಯಲ್ಲೇ. ಉಳಿದ ಚಹಾ ಭಜನೆಯವರಿಗೆಲ್ಲ ಬಂತು. ಪೂರ್ತಿ ಆರಿತ್ತು. ಯಾರೂ ಬಿಡಲಿಲ್ಲ.

ಹೂವಿನ ನಡುವೆ ಕೂತ ಈರವ್ವನನ್ನು ಹೆಗಲ ಮೇಲೆ ಹೊತ್ತು ಓಣಿ ದಾಟುವಾಗ ತಲೆಯ ಮೇಲೆ ವಿಮಾನವೊಂದು ಮೊರೆಯಿತು. ತಾಳ ನಿಂತವು. ಎಲ್ಲರೂ ಮೇಲೆ ನೋಡಿದರು.

ಶಂಭುಲಿಂಗ ಖಾಲಿ ಕಿಟ್ಲಿಯನ್ನು ಎಡಗೈಗೆ ಬದಲಿಸಿಕೊಂಡು, ಸುಳ್ಳದ ಬಸ್ಸಿಗೆ ಮಾಡುವಂತೆ, ಬಲಗೈ ಎತ್ತಿ ಅಡ್ಡ ಹಿಡಿದ.