ಚೌಕದೊಳಗೆ ಮಲಗಿಸಿದ ದ್ವೀಪ

ಸೈಕ್ಲಡೀಸ್ ದ್ವೀಪಗಳ ಹೊಸ ನಕ್ಷೆಯಲ್ಲಿ ನಾಕ್ಸೋಸ್, ಪಾರೋಸ್ ತಂತಮ್ಮ ಜಾಗದಲ್ಲೇ ಇದ್ದವು. ಹಾಳೆಯ ಅಂಚಿಗೆ ಹಿಡಿಸದ ಪುಟ್ಟ ಅಗ್ರಿಲೋಸನ್ನು ಮಾತ್ರ ಕೆಳಮೂಲೆಯ ಚೌಕಕ್ಕೆ ತಳ್ಳಿದ್ದರು. ಉತ್ತರ-ದಕ್ಷಿಣವಾಗಿ ಉದ್ದಕ್ಕಿದ್ದ ದ್ವೀಪ ಅಲ್ಲಿಯೂ ಹಿಡಿಸದೆ ಹೋದಾಗ ಅಡ್ಡಡ್ಡ ಮಲಗಿಸಿದ್ದರು. ಪಶ್ಚಿಮದ ಬಂದರು ಕಾಗದದ ಮೇಲೆ ಉತ್ತರಕ್ಕೆ ಬಾಯಿ ತೆರೆದಿತ್ತು.

ಊರಿನ ಅಧ್ಯಕ್ಷೆ ಅರ್ಗಿರೋ ಅದನ್ನು ನೋಡಿ ನಕ್ಕು ಸುಮ್ಮನಾಗುತ್ತಿದ್ದಳೇನೋ. ಆದರೆ ಗುರುವಾರದ ದೋಣಿಯಲ್ಲಿ ಬಂದಿಳಿದ ಅಧಿಕಾರಿ ಫೋತಿನೋಸ್ ಆ ಚೌಕವನ್ನು ನಂಬಿ ಆಜ್ಞೆಯನ್ನೇ ತಂದಿದ್ದ: ಬಂದರು ಉತ್ತರದ ಗಾಳಿಗೆ ತೆರೆದಿದೆ; ಗಾಳಿ ಜೋರಿದ್ದ ದಿನ, ವಸಂತದವರೆಗೆ, ಯಾವ ದೋಣಿಯೂ ಕಟ್ಟೆಗೆ ಬರುವಂತಿಲ್ಲ, ಹೊರಡುವಂತಿಲ್ಲ.

ಅಗ್ರಿಲೋಸಿನ ಚಳಿಗಾಲದಲ್ಲಿ ಗಾಳಿ ಜೋರಿಲ್ಲದ ದಿನವೇ ಅಪರೂಪ. ಅರ್ಗಿರೋಳ ತಮ್ಮ ಮಾರ್ಕೆಲೋಸನಿಗೆ ಉಸಿರಾಟಕ್ಕೆ ಬೇಕಾದ ಆಮ್ಲಜನಕದ ಸಿಲಿಂಡರ್ ಬರುತ್ತಿದ್ದುದು ಇದೇ ದೋಣಿಯಲ್ಲಿ, ವಾರಕ್ಕೊಂದು.

"ಇವತ್ತು ಯಾವ ಗಾಳಿ ಬೀಸ್ತಿದೆ ಸಾಹೇಬ್ರೇ?" ಕಟ್ಟೆಯ ಕಾಫಿ ಅಂಗಡಿಯಲ್ಲಿ ಕೂತೇ ಕೇಳಿದಳು.

"ಉತ್ತರದ್ದು. ಭಾರೀ ಗಾಳಿ. ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡೇ ಬಂದೆ."

"ನಿಮ್ಮ ಕಾಫಿ ನೋಡಿ. ನೊರೆ ಕೂಡ ಅಲ್ಲಾಡ್ತಿಲ್ಲ. ಉತ್ತರಕ್ಕಿರೋ ಆ ಗುಡ್ಡ ಏನ್ ಅಂದಕ್ಕೆ ನಿಂತಿದೆ ಅನ್ಕೊಂಡ್ರಾ? ಪಾರಿವಾಳದ ಗೂಡು ಕಟ್ಟೋವಾಗ್ಲೂ ನಮ್ಮಜ್ಜಂದಿರು ಗಾಳಿ ನೋಡಿ ಕಟ್ಟಿದ್ರು. ನೀವು ಬಂದರನ್ನೇ ತಿರುಗಿಸಿಬಿಟ್ರಲ್ಲ!"

"ಅಮ್ಮಾ, ನಕ್ಷೇಲಿ ಇರೋದನ್ನ ನಾನು ಹೆಂಗೆ ಬದಲಾಯಿಸ್ಲಿ? ಅರ್ಜಿ ಕೊಡಿ. ಮೂರ್ನಾಲ್ಕು ತಿಂಗಳಲ್ಲಿ..."

"ಅಷ್ಟರವರೆಗೆ ನನ್ ತಮ್ಮ ಉಸಿರು ಬಿಗಿ ಹಿಡ್ಕೊಂಡಿರ್ಬೇಕಾ?"

ಆತ ಆಜ್ಞೆಯನ್ನು ಮುಂದಿಟ್ಟು, ಅಧ್ಯಕ್ಷೆಯ ಸಹಿಗೆಂದು ಪೆನ್ನು ಚಾಚಿದ. ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಆಜ್ಞೆಯನ್ನು ಮೊದಲ ಸಾಲಿನಿಂದ ನಿಧಾನವಾಗಿ ಓದಿದಳು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಸಹಿ ಬಿದ್ದ ಗಳಿಗೆಯಿಂದ್ಲೇ ಜಾರಿ ಅಂತಿದೆ. ಹೌದಾ?"

"ಹೌದಮ್ಮಾ."

ಅರ್ಗಿರೋ ಪೆನ್ನು ತೆಗೆದುಕೊಂಡು ಕಟ್ಟೆಯತ್ತ ಕೂಗಿದಳು: "ಕಪ್ತಾನ್ರೇ, ಹಗ್ಗ ಬಿಚ್ಬೇಡಿ! ನಾನು ಸಹಿ ಮಾಡ್ತಿದೀನಿ, ಇನ್ನು ನೀವು ಹೊರಡೋ ಹಾಗಿಲ್ಲ. ಸಾಹೇಬ್ರಿಗೆ ಇಲ್ಲೇ ಒಂದು ಹಾಸಿಗೆ ನೋಡಿ, ಗಾಳಿ ನಿಲ್ಲೋವರೆಗೆ!"

"ಹೋದ್ ವರ್ಷ ಹತ್ತೊಂಬತ್ತು ದಿನ ನಿಂತಿರ್ಲಿಲ್ಲ," ಎಂದ ಕಪ್ತಾನ, ಸಿಲಿಂಡರ್ ಇಳಿಸುತ್ತಲೇ.

ಫೋತಿನೋಸ್ ಥಟ್ಟನೆ ಎದ್ದು ಕಾಗದವನ್ನು ಕಸಿದುಕೊಂಡ. ಕಾಫಿ ಆಗ ಮೊದಲ ಸಲ ತುಳುಕಿತು. ಬಂದರಿನ ಬಾಯನ್ನು ಒಮ್ಮೆ, ಅದರತ್ತಲೇ ಇಳಿಯುತ್ತಿದ್ದ ಸೂರ್ಯನನ್ನು ಒಮ್ಮೆ ನೋಡಿದ. ಆಜ್ಞೆಯ ಮೇಲೆ ಅಡ್ಡಗೆರೆ ಎಳೆದು, 'ಬಂದರಿನ ಬಾಯಿ ಪಶ್ಚಿಮಕ್ಕಿದೆ. ಖುದ್ದಾಗಿ ಕಂಡಿದ್ದೇನೆ' ಎಂದು ಬರೆದು ತನ್ನ ಸಹಿಯನ್ನೇ ಹಾಕಿದ.

"ಕಣ್ಣು ಬಿಡೋಕೆ ಇಷ್ಟು ಹೊತ್ತು ಬೇಕಾಯ್ತಾ?" ಎಂದಳು ಅರ್ಗಿರೋ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಸಿಲಿಂಡರನ್ನು ಕೈಗಾಡಿಗೆ ಹೇರಿಕೊಂಡು, ಅವನಿಗೆ ವಿದಾಯವನ್ನೂ ಹೇಳದೆ ಮನೆಯ ಏರು ಹತ್ತಿದಳು.