ಗಡಿ ದಾಟದ ಮಾರಿಗಾಡಿ

ಯತೀಶನಿಗೆ ಬಿದ್ದ ಸಾಮಾನು ಹೆಕ್ಕುವ ಚಟ. ಚಟ ಅಂದರೆ ಅವನಿಗೆ ಸಿಟ್ಟು ಬರುತ್ತದೆ, ಕಲೆ ಅನ್ನಬೇಕಂತೆ. ಅನ್ನೋಣ ಬಿಡಿ, ನಮ್ಮ ಗಂಟೇನು ಹೋಗುತ್ತದೆ. ಹೊಸಬಾಳೆಯಿಂದ ಆನವಟ್ಟಿ ಕಡೆ ಹೋಗುವ ರಸ್ತೆ ಬದಿಗೆ ಅವನದೊಂದು ತಗಡಿನ ಶೆಡ್ಡು. ಮುಂದುಗಡೆ ಗೇಟು, ಕಿಟಕಿ ಗ್ರಿಲ್ಲು ವೆಲ್ಡಿಂಗ್ ಮಾಡುತ್ತಾನೆ, ಅದು ಹೊಟ್ಟೆಗೆ. ಹಿಂದುಗಡೆ ಸೈಕಲ್ ರಿಮ್ಮು, ಸವೆದ ನೇಗಿಲ ಗುಳ, ಸೀಳಿದ ಒನಕೆ, ಯಾರೋ ಸತ್ತವರ ಕನ್ನಡಕ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿ ಒಂದು ಮನುಷ್ಯನ ಹಾಗೆ, ಇನ್ನೊಂದು ದನದ ಹಾಗೆ, ಮತ್ತೊಂದು ಯಾವುದರ ಹಾಗೂ ಅಲ್ಲದ ಹಾಗೆ ನಿಲ್ಲಿಸುತ್ತಾನೆ. ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಬಂದವನು. ಊರವರು ಮೊದಮೊದಲು ನಕ್ಕರು, ಆಮೇಲೆ ತಾವೇ ಗುಜರಿ ತಂದುಕೊಡಲು ಶುರುಮಾಡಿದರು.

ಆದರೆ ಎಂಟು ತಿಂಗಳಿಂದ ಹಿಂದುಗಡೆಯ ಕೆಲಸ ನಿಂತಿತ್ತು. ಐದು ತಿಂಗಳ ಹೆಣ್ಣುಕೂಸು, ಮೊದಲನೆಯದು, ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟಿತು. ಹಳ್ಳದಾಚೆಯ ಹಕ್ಕಲಿಗೆ, ಕೂಸುಗಳನ್ನು ಹೂಳುವ ಬೀಳು ನೆಲಕ್ಕೆ, ಯತೀಶನೇ ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ ಮಣ್ಣುಮಾಡಿ ಬಂದ. ಹೆಂಗಸರನ್ನು ಅಲ್ಲಿಗೆ ಕರೆದೊಯ್ಯುವ ಪದ್ಧತಿ ಇಲ್ಲ, ಹೆತ್ತವಳನ್ನಂತೂ ಇಲ್ಲವೇ ಇಲ್ಲ. ಅವನಿಗೆ ಅಳು ಬರಲಿಲ್ಲ. ಹದಿನೈದನೇ ದಿನ ಮನೆಯ ತೊಟ್ಟಿಲನ್ನು ಎತ್ತಿ ಶೆಡ್ಡಿಗೆ ತಂದಿಟ್ಟು, "ಇದರಲ್ಲಿ ಒಂದು ಮಾಡ್ತೀನಿ ಸುಮಾ, ನನಗೆ ಅಳೋಕೆ ಬೇರೆ ದಾರಿ ಗೊತ್ತಿಲ್ಲ" ಅಂದ.

ಸುಮಾ ತೊಟ್ಟಿಲಿನ ಹಗ್ಗ ಹಿಡಿದು ನಿಂತಳು. "ನನ್ನ ಕೂಸು ನಿಮ್ಮ ಗುಜರಿ ಅಲ್ಲರೀ" ಅಂದಳು. ಅವತ್ತೇ ಅಂಜನಾಪುರದ ತವರಿಗೆ ಹೊರಟಳು. ಹೊರಡುವಾಗ ಇನ್ನೊಂದು ಮಾತು ಹೇಳಿದಳು. "ಅವಳದು ಅಂತ ಒಂದು ಚೂರು ನಿಮ್ಮ ಆ ಬೊಂಬೆಗಳ ಮೈಮೇಲೆ ಕಂಡರೂ, ನಾನು ಮತ್ತೆ ಈ ಊರಿಗೆ ಬರೋದಿಲ್ಲ. ಆಮೇಲೆ ಕರೆಯೋಕೂ ಬರಬ್ಯಾಡ್ರಿ."

ಯತೀಶ ಹೆಂಡತಿಯ ಮಾತಿಗೆ ತೊಟ್ಟಿಲು ಒಡೆದು ಬಚ್ಚಲ ಒಲೆಗೆ ಹಾಕಿದ. ಕೂಸಿನ ಬಟ್ಟೆಬರೆಯನ್ನೆಲ್ಲ ಹೊಳೆಗೆ ಬಿಟ್ಟ. ಫೋನಿನಲ್ಲಿ ಹೇಳಿದ. "ಹ್ಞೂಂ, ನೋಡೋಣ" ಅಂದಳು ಅವಳು. ಆ ನೋಡೋಣದಲ್ಲೇ ಎಂಟು ತಿಂಗಳು ಕಳೆಯಿತು. ಅಷ್ಟು ದಿನವೂ ಅವನ ಕೈ ಗೇಟಿಗೆ, ಗ್ರಿಲ್ಲಿಗೆ ಮಾತ್ರ ಬಗ್ಗಿತು.

ಆಷಾಢ ಬಂತು. ಹೊಸಬಾಳೆಯ ಗಡಿಗೆ ಮಾರಿಗಾಡಿಯೂ ಬಂತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊಳ ಎತ್ತರದ ಮರದ ಗಾಡಿ, ನಾಲ್ಕು ಗಾಲಿ, ಮೇಲೆ ಕೆಂಪು ಬಳಿದ ಮಾರಮ್ಮನ ಮುಖ. ಒಂದೂರಿನವರು ತಮ್ಮ ಊರಿನ ರೋಗ, ಪೀಡೆ ಎಲ್ಲ ಹೊತ್ತುಕೊಂಡು ಹೋಗು ತಾಯಿ ಅಂತ ಅದರಲ್ಲಿ ಹಳೆ ಮೊರ, ಒಡೆದ ಬಳೆ, ಪೊರಕೆ, ಬೇವಿನ ಸೊಪ್ಪು ಹಾಕಿ, ಹಲಗೆ ಬಾರಿಸಿಕೊಂಡು ಪಕ್ಕದೂರಿನ ಗಡಿಗೆ ಬಿಟ್ಟು ಬರುತ್ತಾರೆ. ಆ ಊರಿನವರು ತಮ್ಮದನ್ನೂ ಸೇರಿಸಿ ಮುಂದಿನ ಗಡಿಗೆ ತಳ್ಳುತ್ತಾರೆ. ನಡುವೆ ಅದನ್ನು ಯಾರೂ ಮುಟ್ಟುವಂತಿಲ್ಲ, ಸೂರಿನ ಕೆಳಗೆ ತರುವಂತಿಲ್ಲ. ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ನಮ್ಮ ಗಡಿ ದಾಟಿತಲ್ಲ, ಸಾಕು.

ಆ ಸಲ ಮಳೆ ಹಿಡಿದು ಗಾಡಿ ಮೂರು ದಿನ ಗಡಿಯ ಮತ್ತಿ ಮರದ ಕೆಳಗೇ ನಿಂತಿತು. ಊರವರೆಲ್ಲ ನಾಟಿ ಗದ್ದೆಯಲ್ಲಿದ್ದರು. ಯತೀಶ ಬೈಕು ನಿಲ್ಲಿಸಿ ನೋಡಿದ. ಎಷ್ಟು ಊರಿನ ಬಳೆ, ಎಷ್ಟು ಊರಿನ ಪೊರಕೆ. ಮೂರ್ತಿ ಮಾಡುತ್ತಿದ್ದೇವೆ ಅಂತ ಒಬ್ಬನಿಗೂ ಗೊತ್ತಿಲ್ಲದೆ ಎಲ್ಲರೂ ಸೇರಿ ಮಾಡಿದ ಮೂರ್ತಿ. ಅಷ್ಟೆಲ್ಲ ಸಾಮಾನಿನ ನಡುವೆ ಹೆಬ್ಬೆರಳಿನಷ್ಟು ಉದ್ದದ ಒಂದು ಹಸಿರು ಬಟ್ಟೆಯ ಗಂಟು ಇತ್ತು, ಕೆಂಪು ದಾರದಲ್ಲಿ ಒತ್ತೊತ್ತಾಗಿ ಹೊಲಿದದ್ದು. ಅದನ್ನು ಕಂಡದ್ದೇ ಅವನು ಬೈಕಿನಿಂದ ಇಳಿದು ಹತ್ತಿರ ಹೋದ. ಅತ್ತ ಇತ್ತ ನೋಡಿದ. ಲಗೇಜ್ ಆಟೋ ತಂದು ಗಾಡಿಯನ್ನು ಹಾಗೇ ಎತ್ತಿ ಶೆಡ್ಡಿನ ಹಿಂದುಗಡೆಗೆ ತಂದ. ಎರಡು ದಿನ ನೋಡಿ ವಾಪಸ್ ಇಡುತ್ತೇನೆ ಅಂತ ತನಗೆ ತಾನೇ ಹೇಳಿಕೊಂಡ. ಕಳ್ಳನಿಗೊಂದು ಪಿಳ್ಳೆ ನೆವ.

ಗಾಡಿ ಒಳಗೆ ಬಂದ ಗಳಿಗೆಯಿಂದ ಅವನ ಕೈ ಓಡತೊಡಗಿತು. ಊಟ ಮರೆತ. ತಗಡು ಕತ್ತರಿಸಿದ, ರಿಮ್ಮು ಬಗ್ಗಿಸಿದ, ಒನಕೆಯ ಸೀಳು ತಂದು ಬೆನ್ನೆಲುಬು ಮಾಡಿದ. ಗಾಡಿ ಸಮೇತ ಮಾರಮ್ಮ ಎದ್ದು ನಿಂತ ಹೆಂಗಸಾದಳು. ಅವಳ ಮಡಿಲಲ್ಲಿ ಒಂದು ಪೊಳ್ಳು ಬಿಟ್ಟು, ಆ ಹಸಿರು ಗಂಟನ್ನು ಅಲ್ಲಿಟ್ಟು ಬೆನ್ನೆಲುಬಿನ ಸಮೇತ ತಾಮ್ರದ ತಂತಿಯಲ್ಲಿ ಬಿಗಿದ. ಬಿಚ್ಚಿ ನೋಡಲಿಲ್ಲ. ಯಾರದೋ ಮನೆಯ ಸಂಕಟ, ಅದಕ್ಕೆ ಕೈ ಹಾಕಲು ಅವನಿಗೂ ಹೆದರಿಕೆ. ಹೆದರಿಕೆ ಅಂದರೆ ಬರೀ ಅದಲ್ಲ. ಬಗ್ಗಿ ಕೆಲಸ ಮಾಡುವಾಗ ಬೆನ್ನ ಹಿಂದೆ ಯಾರೋ ಉಸಿರಾಡಿದ ಹಾಗೆ, ತಿರುಗಿದರೆ ಯಾರೂ ಇಲ್ಲ. ಹಾಡುಹಗಲು, ರಸ್ತೆಯಲ್ಲಿ ಬಸ್ಸು ಓಡಾಡುತ್ತಿದೆ, ಶೆಡ್ಡಿನೊಳಗೆ ಮಾತ್ರ ಎಳೆ ಮಕ್ಕಳ ನೆತ್ತಿಯ ಎಣ್ಣೆಯ ವಾಸನೆ. ಬಚ್ಚಲ ಹಂಡೆಯ ಬಿಸಿನೀರು, ಹರಳೆಣ್ಣೆ. ಮೂಗು ಉಜ್ಜಿಕೊಂಡ, ಹೋಗಲಿಲ್ಲ.

ಊರಿನ ಹಿರೀಕ ಸಣ್ಣಪ್ಪ ಕೊಡೆ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದ. "ಯತೀಶ, ಗಾಡಿ ಕಾಣ್ತಿಲ್ಲ ಮಾರಾಯ. ನೀನೇನಾದ್ರೂ ಕಂಡ್ಯಾ?"

"ಗಾಲಿ ಮುರಿದಿತ್ತು ದೊಡ್ಡಪ್ಪ. ಸರಿಮಾಡೋಣ ಅಂತ ತಂದೆ."

"ಸೂರಿನ ಕೆಳಗೆ ತಂದ್ಯಾ? ನಿನ್ನ ಓದಿಗೆ ಬೆಂಕಿ ಹಾಕ. ಮಂಗಳವಾರ ಹೊರಡಿಸ್ಬೇಕು, ಅಷ್ಟರೊಳಗೆ ಗಡಿಗೆ ಇಟ್ಟಿರು." ಸಣ್ಣಪ್ಪ ಹೊರಟವನು ತಿರುಗಿದ. "ಒಳಗೆ ಯಾರನ್ನ ಮಲಗಿಸ್ತಿದ್ದೆ?"

"ಯಾರೂ ಇಲ್ಲವಲ್ಲ."

"ಜೋ ಜೋ ಅಂತಿದ್ದೆ. ರಸ್ತೆಗೇ ಕೇಳ್ತಿತ್ತು."

ಹಾಡಿದ್ದು ಯತೀಶನಿಗೇ ಗೊತ್ತಿರಲಿಲ್ಲ.

ಅಷ್ಟಾದ ಮೇಲಾದರೂ ವಾಪಸ್ ಇಡಬಾರದೇ? ಇಡಲಿಲ್ಲ. ಎರಡು ದಿನ ಕೂತು ಅದೇ ಅಳತೆಯ ಇನ್ನೊಂದು ಗಾಡಿ ಕಡೆದ. ಅದೇ ಕೆಂಪು, ಅದೇ ಕಣ್ಣು, ಮಸಿ ಉಜ್ಜಿ ಹಳೆಯದು ಮಾಡಿದ. ಮನೆಯ ಹಿಂದೆ ಬಿದ್ದಿದ್ದ ಮೊರ, ಅಂಗಡಿಯ ಬಳೆ ಒಡೆದು ತುಂಬಿದ. ಮಂಗಳವಾರ ಊರವರು ಹಲಗೆ ಬಾರಿಸಿಕೊಂಡು ಅದನ್ನೇ ಮುಂದಿನೂರಿನ ಗಡಿಗೆ ತಳ್ಳಿದರು. "ಈ ಸಲ ಅಮ್ಮ ಯಾಕೋ ಹಗುರ ಆಗಿದಾಳಲ್ಲ" ಅಂದ ಸಣ್ಣಪ್ಪ. ಯತೀಶ ತಲೆ ತಗ್ಗಿಸಿ ಗಾಡಿಯ ಹಿಂದೆ ನಡೆದ. ಊರಿಗೆ ಊರನ್ನೇ ಮಂಗ ಮಾಡಿದವನ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ.

ಶಿವಮೊಗ್ಗದಲ್ಲಿ ಒಂದು ಕಲಾಪ್ರದರ್ಶನ ಇತ್ತು. ಫೋಟೋ ಕಳಿಸಿದ. ಮರುದಿನವೇ ಆಯ್ಕೆಯಾಗಿದೆ ಅಂತ ಫೋನು ಬಂತು, ಜೊತೆಗೆ ಒಂದು ಅರ್ಜಿ. ಅದರಲ್ಲಿ ಕೃತಿಯ ಹಿಂದಿನ ಪ್ರೇರಣೆ ಏನು ಅಂತ ಒಂದು ಕಾಲಂ. ಯತೀಶ ತಲೆ ಕೆರೆದುಕೊಂಡು, ಊರೂರಿನ ಜನ ಹೊರಗೆ ಹಾಕಿದ ಸಂಕಟವೇ ನನ್ನ ಪ್ರೇರಣೆ ಅಂತ ಬರೆದ. ಚೆಂದದ ವಾಕ್ಯ. ಸಂಕಟ ಊರವರದ್ದು, ಹೆಸರು ಇವನದ್ದು.

ಅರ್ಜಿ ಬರೆದು ಪೆನ್ನು ಮುಚ್ಚುವಷ್ಟರಲ್ಲಿ ಶೆಡ್ಡಿನ ಮುಂದೆ ಬಸ್ಸು ನಿಂತಿತು. ಸುಮಾ ಇಳಿದಳು. ಕೈಯಲ್ಲಿ ಒಂದೇ ಬ್ಯಾಗು, ಮುಖ ಇಳಿದುಹೋಗಿತ್ತು. ಯತೀಶ ಓಡಿ ಬಂದ. ಬ್ಯಾಗು ಇಸಿದುಕೊಂಡ, ಸ್ಟೂಲು ಒರೆಸಿದ, ನೀರು ಕೊಟ್ಟ.

"ಬಂದ್ಯಲ್ಲ" ಅಂದ ಕೊನೆಗೆ.

"ಅಪ್ಪ ಕುರಿ ಹಿಂದೆ, ಅವ್ವ ಮೆಕ್ಕೆಜೋಳದ ಹಿಂದೆ. ಒಬ್ಬಳೇ ಕೂತು ಕೂತು ತಲೆ ಕೆಟ್ಟೋಯ್ತುರೀ." ನೀರು ಕುಡಿದಳು. "ಮತ್ತೆ ಮಾಡ್ತಿದೀರಂತೆ ಕೆಲಸ."

ಅವನಿಗೆ ಅಷ್ಟೇ ಸಾಕಾಯಿತು. ಮಾತು ಉಳಿಸಿಕೊಂಡ ಗಂಡ ಅನ್ನಿಸಿಕೊಳ್ಳುವ ಆಸೆ. "ಬಾ, ನೋಡು. ಆಣೆ ಮಾಡಿ ಹೇಳ್ತೀನಿ ಸುಮಾ, ಅದರಲ್ಲಿ ನಮ್ಮದು ಅನ್ನೋದು ಒಂದು ಚೂರೂ ಇಲ್ಲ" ಅಂತ ಕೈ ಹಿಡಿದು ಹಿಂದುಗಡೆಗೆ ಕರೆದೊಯ್ದ.

ಸುಮಾ ಮೇಲಿನಿಂದ ಕೆಳಗೆ ನೋಡಿದಳು. ಕಣ್ಣು ಮಡಿಲಿಗೆ ಬಂದು ನಿಂತಿತು. ಅವಳ ಕೈ ಅವನ ಕೈಯಿಂದ ಜಾರಿತು. ಗುಜರಿಯ ಮೇಲೆ ಕೂತು ಆ ಹಸಿರು ಗಂಟನ್ನು ಮುಟ್ಟಿದಳು.

"ಇದು ಎಲ್ಲಿ ಸಿಕ್ತು ನಿಮಗೆ?"

"ಗಡಿಯಲ್ಲಿ. ಮಾರಿಗಾಡಿಯಲ್ಲಿತ್ತು. ಯಾಕೆ?"

"ನನ್ನ ಸೀಮಂತದ ಸೀರೆ ಅದು." ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಬಾಣಂತನದಲ್ಲಿ ಅವ್ವ ಸೆರಗಿನ ಚೂರು ಹರಿದು ಹೊಲಿದಿದ್ಲು. ಒಳಗೆ ಕೂಸಿನ ಹೊಕ್ಕುಳ ಬಳ್ಳಿ ಐತಿ. ನಿಮಗೆ ತೋರಿಸಿರ್ಲಿಲ್ಲ, ಗಂಡಸರು ಅದನ್ನೆಲ್ಲ ನೋಡ್ತಾರೇನು. ನನ್ನ ಹತ್ರ ಅವಳದು ಅಂತ ಉಳಿದಿದ್ದು ಅದೊಂದೇ. ಹೋದ ತಿಂಗಳು ಅಂಜನಾಪುರದಿಂದ ಗಾಡಿ ಹೊರಟಾಗ ಅದರಲ್ಲಿ ಹಾಕಿಬಿಟ್ಟೆ. ನನ್ನ ಸಂಕಟಾನೂ ತಗೊಂಡು ಹೋಗ್ಲಿ ಅಂತ."

ಅವಳು ಎದ್ದು ಹೋಗುತ್ತಾಳೆ, ಬ್ಯಾಗು ಎತ್ತಿಕೊಳ್ಳುತ್ತಾಳೆ, ಇನ್ನು ಮುಗಿಯಿತು ಅಂದುಕೊಂಡ ಯತೀಶ.

"ಅವತ್ತಿಂದ ಊಟ ಸೇರಿಲ್ಲರೀ ನನಗೆ" ಅಂದಳು ಸುಮಾ. "ಈಗ ಯಾವ ಊರಿನ ಗಡಿಯಲ್ಲಿ ಐತೋ, ಯಾರ ಹೊಲದ ಬದುವಿನಲ್ಲಿ ನೆನೀತಾ ಐತೋ ಅಂತ ದಿನಾ ಅನ್ನಿಸ್ತಿತ್ತು. ಎಲ್ಲಿಗೆ ಹೋಗ್ತೈತಿ ಅಂತ ಒಬ್ಬರನ್ನೂ ಕೇಳ್ಲಿಲ್ಲ. ಐದು ತಿಂಗಳ ಕೂಸು. ಕಂಡಿಲ್ಲದ ಜನದ ಕೈಗೆ ಕೊಟ್ಟು ಕಳಿಸಿಬಿಟ್ಟೆ."

ಹೊರಗೆ ಜಿಟಿಜಿಟಿ ಹನಿಯುತ್ತಿತ್ತು. ಯತೀಶ ಕಟಿಂಗ್ ಪ್ಲೇಯರ್ ತಂದು ಮಂಡಿಯೂರಿದ. ತಾಮ್ರದ ತಂತಿ ಒಂದೊಂದೇ ಕತ್ತರಿಸಿದ. ಅಷ್ಟು ಒಳ್ಳೆಯ ಕೆಲಸ ಅವನ ಕೈಯಿಂದ ಇನ್ನೊಂದು ಆಗುತ್ತದೋ ಇಲ್ಲವೋ, ಅವನಿಗೆ ಅದರ ಖಬರೇ ಇರಲಿಲ್ಲ. ಕೊನೆಯ ತಂತಿ ಬಿಟ್ಟಾಗ ಒನಕೆಯ ಬೆನ್ನು ಜಾರಿ, ರಿಮ್ಮುಗಳ ಮೇಲೆ ಬಿದ್ದು, ಇಡೀ ಹೆಂಗಸು ಮುಗ್ಗರಿಸಿದಳು. ಅವನು ತಿರುಗಿಯೂ ನೋಡಲಿಲ್ಲ. ಗಂಟನ್ನು ಎರಡು ಕೈಯಲ್ಲಿ ಹಿಡಿದು ಅವಳ ಮಡಿಲಿಗೆ ಇಟ್ಟ.

ಸುಮಾ ಅದನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು. "ಅವಳ ಹತ್ರ ಇಡೋಣ. ಎಲ್ಲಿ ಮಲಗಿಸಿದ್ರಿ, ನನಗೆ ತೋರಿಸ್ರಿ."

"ಹೆಂಗಸರು ಅಲ್ಲಿಗೆ..."

"ತೋರಿಸ್ರಿ."

ಹಳ್ಳ ದಾಟಿ ಹಕ್ಕಲಿಗೆ ಹೋದರು. ಎಂಟು ತಿಂಗಳಲ್ಲಿ ಯತೀಶ ಆ ಕಡೆ ಮುಖ ಹಾಕಿರಲಿಲ್ಲ. ಅವತ್ತು ನರಿ ನಾಯಿ ಕೆದರಬಾರದು ಅಂತ ಮೇಲೆ ಮುಳ್ಳು ಹೇರಿ, ಒಂದು ಕಲ್ಲು ಇಟ್ಟಿದ್ದ. ಮುಳ್ಳನ್ನು ಯಾರೋ ಬೇಲಿಗೆ ಎಳೆದುಕೊಂಡು ಹೋಗಿದ್ದರು. ಕಲ್ಲುಗಳು ಬೇಕಾದಷ್ಟಿದ್ದವು. ಮೊಣಕಾಲು ಮುಚ್ಚುವ ಹುಲ್ಲು, ಆ ತುದಿಯಿಂದ ಈ ತುದಿಯವರೆಗೆ ಒಂದೇ ಹಸಿರು. ಹುಲ್ಲು ಸರಿಸಿ ಸರಿಸಿ ನೋಡಿದ. ಒಂದು ಕಲ್ಲು ಎತ್ತಿದ, ಅದಲ್ಲ ಅಂತ ಇಟ್ಟ, ಇನ್ನೊಂದರ ಹತ್ತಿರ ಓಡಿದ. ರಸ್ತೆಯಲ್ಲಿ ಅವಳ ತವರಿನ ಕಡೆಗೆ ಹೋಗುವ ಶಿಕಾರಿಪುರದ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಸುಮಾ ಅತ್ತ ತಿರುಗಲಿಲ್ಲ.

"ಇಲ್ಲೇನ್ರೀ?" ಅಂದಳು.

ಹೌದು ಅಂದುಬಿಟ್ಟರೆ ಆಗುತ್ತಿತ್ತು. ಯಾವುದೋ ಒಂದು ಕಲ್ಲು ತೋರಿಸಿದ್ದರೆ ಅವಳು ನಂಬುತ್ತಿದ್ದಳು. ಊರನ್ನೇ ನಂಬಿಸಿದವನಿಗೆ ಇವಳೊಬ್ಬಳು ಹೆಚ್ಚೇ? ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು.

"ಗೊತ್ತಾಗ್ತಿಲ್ಲ ಸುಮಾ" ಅಂದ. "ನಾನೇ ಇಟ್ಟೋನು ಕಣೆ. ಈ ಕೈಯಲ್ಲೇ ಇಟ್ಟೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ." ಎಂಟು ತಿಂಗಳ ಅಳು ಎಲ್ಲಿ ಕಟ್ಟಿಕೊಂಡಿತ್ತೋ, ಹುಲ್ಲಿನಲ್ಲಿ ನಿಂತು ಎಳೆ ಹುಡುಗರ ಹಾಗೆ ಬಿಕ್ಕಿದ.

ಸುಮಾ ಅವನನ್ನು ನೋಡಿದಳು. ಸುತ್ತ ಹಬ್ಬಿದ ಹುಲ್ಲನ್ನು ನೋಡಿದಳು. ಗಂಟನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಬಗ್ಗಿ ತನ್ನ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು.

"ನೀವೂ ಚಪ್ಪಲಿ ಬಿಡ್ರಿ" ಅಂದಳು. "ಎಲ್ಲಿದಾಳೋ ಏನೋ, ತುಳಿದುಗಿಳಿದೇವು."